ಒಂಬತ್ತು ವರ್ಷದ ಊರೂರು ತಿರುಗಾಟಕ್ಕೆ ಸೊನ್ನೆ ಅಂಕ

ಮೊನ್ನೆ ಗುರುವಾರ ನಮ್ಮ ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳಿಗೆ ಮೌಖಿಕ ಪರೀಕ್ಷೆ ನಡೆಸಿ ಬಂದೆ. ಚುರುಕಾಗಿ ಉತ್ತರಿಸುತ್ತಿದ್ದ ಹುಡುಗಿಯೊಬ್ಬಳನ್ನು, "ನಿಮ್ಮೂರಿನಲ್ಲಿ ಮೂರು ದಿನದೊಳಗೆ ಹನ್ನೆರಡು ಜನರಿಗೆ ವಾಂತಿಭೇದಿಯಾಗಿದೆ. ನಾಳೆ ಬೆಳಿಗ್ಗೆ ಊರಿಗೆ ಹೋದವಳು ಮೊದಲು ಯಾರನ್ನು ಮಾತನಾಡಿಸುತ್ತೀಯಮ್ಮ?" ಎಂದು ಕೇಳಿದೆ. ರೋಗನಿರ್ಣಯವನ್ನು ಖಚಿತಪಡಿಸಿಕೊಳ್ಳುವುದು, ಯಾರನ್ನು ರೋಗಿಯೆಂದು ಎಣಿಸಬೇಕೆಂಬ ಪ್ರಕರಣದ ವ್ಯಾಖ್ಯೆ ಬರೆಯುವುದು, ರೋಗಿಗಳ ವಿವರಗಳನ್ನು ಸಾಲಾಗಿ ಬರೆದ ಲೈನ್ ಲಿಸ್ಟ್ ಸಿದ್ಧಪಡಿಸುವುದು ಎಂದು ತನಿಖೆಯ ಹಂತಗಳನ್ನೆಲ್ಲ ಅವಳು ಒಂದೂ ಬಿಡದೆ ಒಪ್ಪಿಸಿದಳು. "ಅದು ಸರಿ, ಆದರೆ ಯಾರನ್ನು ಮಾತನಾಡಿಸುತ್ತೀ?" ಎಂದು ಮತ್ತೆ ಕೇಳಿದಾಗ ತನ್ನ ಅಧ್ಯಾಪಕರ ಮುಖ ನೋಡಿದಳು. ಅಧ್ಯಾಪಕರಿಗೂ ಉತ್ತರ ಹೊಳೆದಂತೆ ಕಾಣಲಿಲ್ಲ.

ಅದೇ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಇನ್ನೊಂದು ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದ್ದ. ಸಂದರ್ಶನಕ್ಕೆ ಕರೆಯುವವರ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಮಲೆನಾಡಿನ ಜಿಲ್ಲೆಯೊಂದರ ರೋಗ ಸರ್ವೇಕ್ಷಣಾ ಘಟಕದಲ್ಲಿ ಗುತ್ತಿಗೆಯ ಮೇಲೆ ಒಂಬತ್ತು ವರ್ಷ ಎಪಿಡೆಮಿಯಾಲಜಿಸ್ಟ್ ಆಗಿ, ಅಂದರೆ ಕಾಯಿಲೆ ಎಲ್ಲಿ ಹೇಗೆ ಹರಡುತ್ತಿದೆಯೆಂದು ಪತ್ತೆ ಹಚ್ಚುವವನಾಗಿ, ದುಡಿದವನು ಅವನು. "ಮೇಡಂ, ನನ್ನ ಅನುಭವದ ಎದುರು ಸೊನ್ನೆ ಬರೆದಿದ್ದಾರೆ" ಎಂದ. ದನಿಯಲ್ಲಿ ಕೋಪವಿರಲಿಲ್ಲ. ಆ ಕೋಪ ನನಗೆ ಬಂದಿದೆ, ಎರಡು ದಿನವಾದರೂ ಇಳಿದಿಲ್ಲ.

ಆ ಸೊನ್ನೆ ಎಲ್ಲಿಂದ ಬಂತೆಂದು ಹೇಳುತ್ತೇನೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯಲ್ಲಿ ಸಹಾಯಕ ಪ್ರಾಧ್ಯಾಪಕರನ್ನು ಸಂದರ್ಶನಕ್ಕೆ ಆರಿಸಲು ನೂರು ಅಂಕಗಳ ಒಂದು ಕೋಷ್ಟಕವಿದೆ. ಪಿಎಚ್‌ಡಿಗೆ 30 ಅಂಕ, ಸ್ನಾತಕೋತ್ತರ ಪದವಿಗೆ 25ರವರೆಗೆ, ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಯಾದ ಬರಿಯ ನೆಟ್‌ಗೆ 5, ಸಂಶೋಧನಾ ಲೇಖನಕ್ಕೆ ತಲಾ 2ರಂತೆ 10ರವರೆಗೆ, ಬೋಧನೆ ಅಥವಾ ಪಿಎಚ್‌ಡಿಯ ನಂತರದ ಸಂಶೋಧನೆಯ ಅನುಭವಕ್ಕೆ ವರ್ಷಕ್ಕೆ 2ರಂತೆ 10ರವರೆಗೆ. ಇತಿಹಾಸಕ್ಕೂ ಗಣಿತಕ್ಕೂ ಸಾರ್ವಜನಿಕ ಆರೋಗ್ಯಕ್ಕೂ ಇದೇ ಕೋಷ್ಟಕ. ಒಂದು ಜಿಲ್ಲೆಯ ಜ್ವರ, ಕಾಮಾಲೆ, ವಾಂತಿಭೇದಿಗಳ ಲೆಕ್ಕವನ್ನು ಒಂಬತ್ತು ವರ್ಷ ವಾರ ತಪ್ಪದೆ ನೋಡಿದವನಿಗೆ ಅಂಕ ಕೊಡಲು ಅದರಲ್ಲಿ ಒಂದು ಸಾಲೂ ಇಲ್ಲ. ಅವನು ಬರೆದ ತನಿಖಾ ವರದಿಗಳು ಇಲಾಖೆಯ ಕಡತದಲ್ಲಿವೆ, ಪತ್ರಿಕೆಯಲ್ಲಿ ಅಚ್ಚಾಗಿಲ್ಲ. ಆದ್ದರಿಂದ ಅವು ಲೇಖನಗಳಲ್ಲ. ಅವನು ಆಶಾ ಕಾರ್ಯಕರ್ತೆಯರಿಗೆ, ಕಿರಿಯ ಆರೋಗ್ಯ ಸಹಾಯಕರಿಗೆ ಪಾಠ ಮಾಡಿದ್ದು ಕಾಲೇಜಿನ ಕೊಠಡಿಯಲ್ಲಲ್ಲ. ಆದ್ದರಿಂದ ಅದು ಬೋಧನೆಯಲ್ಲ.

ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಯಲುಸೀಮೆಯ ಅಂಚಿನ ಒಂದು ಹಳ್ಳಿಗೆ ನಾನೂ ಜೊತೆಯಲ್ಲಿ ಹೋಗಿದ್ದೆ. ಅಲ್ಲಿಯೂ ವಾಂತಿಭೇದಿಯೇ. ಊರಿನವರು ಜಾತ್ರೆಯ ಊಟದ ಕಡೆಗೆ ಬೊಟ್ಟು ಮಾಡುತ್ತಿದ್ದರು. ಇವನು ಶಾಲೆಯ ಜಗಲಿಯ ಮೇಲೆ ಕುಳಿತು ಒಂದು ಹಾಳೆಯಲ್ಲಿ ಕೇರಿಗಳ ನಕ್ಷೆ ಬರೆದ, ಕಾಯಿಲೆಯಾದ ಮನೆಗಳ ಮೇಲೆ ಚುಕ್ಕೆ ಇಟ್ಟ. ಜಾತ್ರೆಯಲ್ಲಿ ಉಂಡದ್ದು ಇಡೀ ಊರು. ಚುಕ್ಕೆಗಳು ಬಿದ್ದದ್ದು ಮಾತ್ರ ತಗ್ಗಿನ ಎರಡು ಕೇರಿಗಳಲ್ಲಿ. ಆಮೇಲೆ ಅವನು ಹುಡುಕಿಕೊಂಡು ಹೋದದ್ದು ವೈದ್ಯರನ್ನಲ್ಲ, ಊರಿಗೆ ನೀರು ಬಿಡುವ ನೀರುಗಂಟಿಯನ್ನು. ಎಷ್ಟು ಹೊತ್ತಿಗೆ ನೀರು ಬಿಡುತ್ತೀರಿ, ಯಾವ ಕೇರಿಗೆ ಮೊದಲು, ಪೈಪು ಚರಂಡಿಯನ್ನು ಎಲ್ಲಿ ದಾಟುತ್ತದೆ ಎಂದು ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕೇಳಿದ. ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಉಳಿದ ಹೊತ್ತೆಲ್ಲ ಪೈಪು ಖಾಲಿಯಿರುತ್ತದೆ; ಬಿರುಕಿದ್ದರೆ ಸುತ್ತಲಿನ ಕೊಳೆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಆ ಜಾಗವನ್ನು ಅಗೆಸಿದರು. ಬಿರುಕು ಅಲ್ಲೇ ಇತ್ತು. ಮೊನ್ನೆಯ ಹುಡುಗಿಗೆ ಗೊತ್ತಿರಬೇಕಾಗಿದ್ದ ಉತ್ತರ ಅದು. ಅವಳಿಗೆ ಗೊತ್ತಿಲ್ಲದಿರುವುದು ಅವಳ ತಪ್ಪಲ್ಲ. ನೀರುಗಂಟಿಯ ಪಕ್ಕದಲ್ಲಿ ಕುಳಿತವನನ್ನು ನಾವು ಅವಳಿಗೆ ಮೇಷ್ಟರಾಗಿ ಕೊಡಲಿಲ್ಲ.

ಊರೂರು ತಿರುಗುವುದು ಕೆಲಸ, ವಿಶ್ವವಿದ್ಯಾಲಯಕ್ಕೆ ಬೇಕಾದದ್ದು ಶಾಸ್ತ್ರ ಎಂದು ಹೇಳುವವರಿದ್ದಾರೆ. ಅವರು ನಮ್ಮ ನೆಲದ ಚರಿತ್ರೆಯನ್ನೇ ಓದಿಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿದ್ದ ದೇವಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರ ತಂಡ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿ, 1963ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ದೊಡ್ಡ ತಪ್ಪುಕಲ್ಪನೆಯನ್ನು ಒಡೆಯಿತು. ಹಳ್ಳಿಯವರಿಗೆ ಕಾಯಿಲೆಯ ಅರಿವೇ ಇಲ್ಲ ಎಂದು ನಂಬಲಾಗಿದ್ದ ಕಾಲದಲ್ಲಿ, ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೊರಟಿದ್ದರೆಂದು ಅದು ತೋರಿಸಿತು. ಕ್ಷಯದ ಚಿಕಿತ್ಸೆಯನ್ನು ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲಿಯೇ ಕೊಡಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮದ ತತ್ವಕ್ಕೆ ಆ ತಿರುಗಾಟವೇ ಬಲ ಕೊಟ್ಟಿತು.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಜಗತ್ತಿನ ವೈದ್ಯಗ್ರಂಥಗಳಲ್ಲಿ ನಮ್ಮ ಕಾಡಿನ ಹೆಸರನ್ನೇ ಹೊತ್ತಿರುವ, ಕಾಡಿನ ಉಣುಗು (ಉಣ್ಣೆ) ಕಚ್ಚಿ ಹರಡುವ ಕಾಯಿಲೆ ಅದು. 2005ರಿಂದ 2010ರವರೆಗಿನ ಲೆಕ್ಕ ಹಿಡಿದು, ಲಸಿಕೆಯ ಎರಡು ಡೋಸ್ ಪಡೆದವರಿಗೆ ರಕ್ಷಣೆ ಶೇ 62ರಷ್ಟು ಮಾತ್ರ, ಬೂಸ್ಟರ್ ಸೇರಿದರೆ ಶೇ 83ರಷ್ಟು ಎಂದು ಕಂಡುಕೊಂಡ ಅಧ್ಯಯನದ ಹಿಂದೆ ಶಿವಮೊಗ್ಗದಲ್ಲಿದ್ದುಕೊಂಡು ಪ್ರತಿ ಬೇಸಿಗೆಯಲ್ಲೂ ಆ ಕಾಯಿಲೆಯ ಬೆನ್ನು ಹತ್ತಿದವರ ಶ್ರಮವಿತ್ತು. 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಲಾಯಿತು. ಮನೆಯಂಗಳದಲ್ಲಿ ರಾಶಿ ಹಾಕಿದ ತರಗೆಲೆಗೂ ಕಾಯಿಲೆಗೂ ನಂಟಿದೆಯೆಂದು ಗುರುತಿಸಿದ್ದೂ ಅಂಥ ತನಿಖೆಯೇ. ಸೊಪ್ಪಿನಬೆಟ್ಟದಿಂದ ದರಗು, ಅಂದರೆ ಒಣ ತರಗೆಲೆ, ಗುಡಿಸಿ ತಂದು ಕೊಟ್ಟಿಗೆಗೆ ಹಾಸುವ ಮನೆಯನ್ನು ನೋಡದವರಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಸಾಗರದ ಕಡೆಯವಳಾದ ನಾನು ಇದನ್ನು ಆವೇಶದಿಂದ ಹೇಳುತ್ತಿದ್ದೇನೆ ಎಂದು ಯಾರಿಗಾದರೂ ಅನ್ನಿಸಿದರೆ, ಹೌದು. 2019ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆಯಿಂದಾದ ಸಾವುಗಳ ಸುದ್ದಿ ಬಂದಾಗ ನಮ್ಮ ಮನೆಯಲ್ಲಿ ವಾರಗಟ್ಟಲೆ ಯಾರೂ ತೋಟಕ್ಕೆ ಇಳಿದಿರಲಿಲ್ಲ.

ಅಂಕದ ಕೋಷ್ಟಕವಿಲ್ಲದಿದ್ದರೆ ವಶೀಲಿ ನುಗ್ಗುತ್ತದೆ ಎಂಬ ವಾದವನ್ನು ನಾನು ಬಲ್ಲೆ. ವಶೀಲಿಯ ದಿನಗಳನ್ನು ಕಂಡವಳು ನಾನು, ಕೋಷ್ಟಕ ಹರಿದುಹಾಕಿ ಎನ್ನುತ್ತಿಲ್ಲ. ಆದರೆ ಕ್ಷೇತ್ರದ ಅನುಭವವನ್ನು ಅಳೆಯಲಾಗದು ಎಂಬುದು ಸುಳ್ಳು. ನೇಮಕಾತಿ ಆದೇಶವಿದೆ, ವಾರದ ವರದಿಗಳಿವೆ, ತನಿಖೆಯ ಕಡತಗಳ ಮೇಲೆ ಸಹಿಯಿದೆ. ಕಾಲೇಜಿನ ಒಂದು ವರ್ಷಕ್ಕೆ 2 ಅಂಕ ಕೊಡಬಹುದಾದರೆ ಜಿಲ್ಲೆಯ ಒಂದು ವರ್ಷಕ್ಕೂ ಕೊಡಬಹುದು. ಅಂಥವರಿಗಾಗಿಯೇ, ಕೆಲಸದ ಅನುಭವವಿದ್ದವರನ್ನು ಬೋಧನೆಗೆ ಕರೆತರುವ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಎಂಬ ದಾರಿ ಇದೆಯಲ್ಲ ಎಂದು ನಿನ್ನೆ ಒಬ್ಬ ಸ್ನೇಹಿತರು ಹೇಳಿದರು. 2022ರಲ್ಲಿ ಬಂದ ಆ ಮಾರ್ಗಸೂಚಿ ಕೇಳುವುದು ಹದಿನೈದು ವರ್ಷದ ಅನುಭವವನ್ನು, ಕೊಡುವುದು ಕೆಲವೇ ವರ್ಷಗಳ ತಾತ್ಕಾಲಿಕ ಸ್ಥಾನವನ್ನು. ಒಂಬತ್ತು ವರ್ಷ ಗುತ್ತಿಗೆಯಲ್ಲೇ ಕಳೆದ, ಮನೆಯಲ್ಲಿ ಎರಡು ಮಕ್ಕಳಿರುವ ಮನುಷ್ಯನಿಗೆ ಇನ್ನೊಂದು ಗುತ್ತಿಗೆಯನ್ನು ದಾರಿ ಎಂದು ತೋರಿಸಬೇಡಿ.

ವಿಶ್ವವಿದ್ಯಾಲಯಗಳ ಕೈಯಲ್ಲಿ ಏನೂ ಇಲ್ಲವೆಂಬುದೂ ನಿಜವಲ್ಲ. ಎಷ್ಟು ಜನರನ್ನು ಸಂದರ್ಶನಕ್ಕೆ ಕರೆಯಬೇಕೆಂದು ತೀರ್ಮಾನಿಸುವುದು ಅವರೇ; ಕರೆದ ಮೇಲೆ ಆಯ್ಕೆ ನಡೆಯುವುದು ಸಂದರ್ಶನದ ಮೇಲೆಯೇ. ಹತ್ತು ಜನರ ಬದಲು ಇಪ್ಪತ್ತೈದು ಜನರನ್ನು ಕರೆಯಲಿ. ಒಳಗೆ ಬಂದವರ ಮುಂದೆ ನಲವತ್ತು ಹೆಸರಿನ ಒಂದು ಲೈನ್ ಲಿಸ್ಟ್ ಇಟ್ಟು, ಇದರಲ್ಲಿ ನಿಮಗೇನು ಕಾಣುತ್ತದೆ, ನಾಳೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಲಿ. ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಇದನ್ನು ಬರೆಯುವಾಗ ಒಂದು ಮಾತನ್ನು ಮುಚ್ಚಿಡಲಾರೆ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಆಯ್ಕೆ ಸಮಿತಿಯೊಂದರಲ್ಲಿ ನಾನು ವಿಷಯತಜ್ಞೆಯಾಗಿ ಕುಳಿತಿದ್ದೆ. ಕುಷ್ಠರೋಗ ನಿಯಂತ್ರಣದ ಕೆಲಸದಲ್ಲಿ ಹನ್ನೊಂದು ವರ್ಷ ಕಳೆದ ಹೆಣ್ಣುಮಗಳೊಬ್ಬಳು ಬಂದಿದ್ದಳು. ಮಚ್ಚೆಯನ್ನು ತೋರಿಸಲು ನಾಚುವ ಹೆಂಗಸರನ್ನು ಹೇಗೆ ಮಾತನಾಡಿಸಬೇಕೆಂದು ಅವಳು ಹೇಳಿದ ಮಾತುಗಳು ನನಗೆ ಇನ್ನೂ ನೆನಪಿವೆ. ಅವಳ ಲೇಖನಗಳೆಷ್ಟು ಎಂದು ಪಕ್ಕದವರು ಕೇಳಿದರು. ಒಂದೂ ಇರಲಿಲ್ಲ. ನಾನು ಬಾಯಿ ತೆರೆಯಲಿಲ್ಲ, ಪಟ್ಟಿಗೆ ಸಹಿ ಹಾಕಿ ಮಧ್ಯಾಹ್ನದ ಬಸ್ಸು ಹತ್ತಿದೆ.

ಈ ಬಾರಿ ಸುಮ್ಮನಿರುವುದಿಲ್ಲ. ಯುಜಿಸಿಗೂ ಉನ್ನತ ಶಿಕ್ಷಣ ಇಲಾಖೆಗೂ ಪತ್ರ ಬರೆದಿದ್ದೇನೆ. ಈ ವಿಭಾಗಗಳಲ್ಲಿ ಇರುವ ಗೆಳೆಯರು ತಮ್ಮ ಹೆಸರು ಸೇರಿಸುವುದಾದರೆ ಪತ್ರದ ಪ್ರತಿ ಕಳಿಸುತ್ತೇನೆ.

ಇವತ್ತು ಬೆಳಿಗ್ಗೆ ಅವನಿಗೆ ನಾನೇ ಫೋನ್ ಮಾಡಿದೆ. ತೀರ್ಥಹಳ್ಳಿಯ ಕಡೆ ಕಾಡಂಚಿನಲ್ಲಿ ಒಂದು ಮಂಗ ಸತ್ತಿದೆಯಂತೆ, ಉಣುಗು ಹಿಡಿಯಲು ಬಿಳಿ ಬಟ್ಟೆ ಹೊತ್ತುಕೊಂಡು ತಂಡದ ಜೊತೆ ಹೊರಟಿದ್ದ. ಮೊನ್ನೆಯ ಆ ಹುಡುಗಿಯನ್ನೂ ಅವಳ ಸಹಪಾಠಿಯೊಬ್ಬಳನ್ನೂ ಒಂದು ವಾರ ನಿನ್ನ ಜೊತೆ ಕಳಿಸಲೇ ಎಂದು ಕೇಳಿದೆ. "ಕಳಿಸಿ ಮೇಡಂ, ಜೀಪಿನಲ್ಲಿ ಜಾಗ ಇದೆ. ಕಾಲು ಮುಚ್ಚುವ ಬಟ್ಟೆ ಹಾಕಿಕೊಂಡು ಬರಲಿಕ್ಕೆ ಹೇಳಿ" ಎಂದ.