ಹೆಬ್ಬೆರಳು ಒತ್ತಿದ್ದಕ್ಕೆ ದಂಡವಂತೆ ಮಾರಾಯ್ರೆ

ದಾರಂದದ (ಬಾಗಿಲ ಚೌಕಟ್ಟಿನ) ದುಡ್ಡು ನಾನು ಕೊಡಬೇಕಂತೆ. ನಾನು! ಗೆದ್ದಲು ತಿಂದು ಮುಗಿಸಿದ ದಾರಂದಕ್ಕೆ!

ಇವತ್ತು ಬೆಳಿಗ್ಗೆ ಆದದ್ದು, ಇನ್ನೂ ಮೈ ಉರಿ ಇಳಿದಿಲ್ಲ. ಕೊಳ್ಳಲಿಕ್ಕೆ ಅಡ್ವಾನ್ಸ್ ಕೊಟ್ಟ ಮನೆಯನ್ನು ಇನ್ನೊಮ್ಮೆ ನೋಡ್ಲಿಕ್ಕೆ ಹೋಗಿದ್ದೆ. ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಸುಮ್ಮನೆ ಹೆಬ್ಬೆರಳಲ್ಲಿ ದಾರಂದ ಒತ್ತಿದೆ, ಅಷ್ಟೆ. ಹಪ್ಪಳ ಮುರಿದ ಹಾಗೆ ಸದ್ದಾಗಿ ಬೆರಳು ಗೆಣ್ಣಿನವರೆಗೆ ಒಳಗೆ ಹೋಯ್ತು. ಕೆಂಪು ಮಣ್ಣು ಸುರ್ರಂತ ಪಾದದ ಮೇಲೆ ಬಿತ್ತು. ಚಾ ತರ್ತಾ ಇದ್ದ ಮನೆ ಯಜಮಾನ್ತಿ ಅಲ್ಲೇ ನಿಂತರು. ಬ್ರೋಕರ್ ಎಲ್ಲರಿಗೂ ಕೇಳುವ ಹಾಗೆ, "ಎಂತ ಮಾಷೇ, ಮನೆ ನೋಡ್ಲಿಕ್ಕೆ ಬಂದದ್ದಾ, ಕೆಡವ್ಲಿಕ್ಕೆ ಬಂದದ್ದಾ?" ಅಂದ. ಎಲ್ಲರೂ ನಕ್ಕರು. ನನ್ನ ಕಡೆಗೊಂದು ಜನ ಇರಲಿ ಅಂತ ಕರ್ಕೊಂಡು ಹೋದ ಬಾವನೂ ನಕ್ಕ! ನಾನೆಂತ ಹೇಳಿದೆ ಗೊತ್ತಾ? "ತಪ್ಪಾಯ್ತು" ಅಂದೆ. ಬೆರಳು ಇನ್ನೂ ತೂತಿನಲ್ಲೇ ಇತ್ತು.

ಎಪ್ರಿಲಲ್ಲಿ ನೋಡುವಾಗ ಹೊಸ ಪುಟ್ಟಿ, ಹೊಸ ಬಣ್ಣ, ವಾಸನೆ ಕೂಡ ಹೊಸತು. ಈಗ ಆಟಿ ತಿಂಗಳ ಜೋರು ಮಳೆ. ಹಿಂದಿನ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಪಸೆ ಏರಿ ಬಣ್ಣ ಬೊಕ್ಕೆ ಬಂದಿದೆ, ಕೆರೆದರೆ ಬಿಳಿ ಉಪ್ಪು. ಕೆಂಪುಕಲ್ಲು ಅಂದರೆ ಮೈತುಂಬ ತೂತು. ಪಂಚಾಂಗದ (ಅಡಿಪಾಯದ) ಮೇಲೆ ನೀರಿಗೆ ತಡೆ ಹಾಕದಿದ್ದರೆ ಬತ್ತಿ ಎಣ್ಣೆ ಎಳೆದ ಹಾಗೆ ನೆಲದ ನೀರು ಎಳೆಯುತ್ತದೆ. ಇದನ್ನು ಮಕ್ಕಳಿಗೆ ಬೋರ್ಡಿನಲ್ಲಿ ಚಿತ್ರ ಬರೆದು 19 ವರ್ಷದಿಂದ ಪಾಠ ಮಾಡ್ತಾ ಇರುವ ಮಹಾಶಯ ನಾನೇ!

ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕಿನ ಮೇಲೆ ಕ್ಯಾಲೆಂಡರ್. ಎತ್ತಿ ನೋಡಿದರೆ ಬೆಂಕಿಕಡ್ಡಿ ಹೋಗುವಷ್ಟು ಸಂದು. ಗುಡ್ಡ ತಗ್ಗಿಸಿದ ಜಾಗ, ಅರ್ಧ ಮನೆ ಗಟ್ಟಿ ನೆಲದಲ್ಲಿ, ಅರ್ಧ ತುಂಬಿಸಿದ ಮಣ್ಣಿನಲ್ಲಿ. ತುಂಬಿಸಿದ ಕಡೆ ಕೂರ್ತಾ ಇದೆ. ಹಿತ್ತಿಲಲ್ಲಿ ಕಲ್ಲು ಕಟ್ಟಿ ಮುಚ್ಚಿದ ಹಳೇ ಸುರಂಗದ ಬಾಯಿ, ನೀರಿಗೆ ಅಂತ ಗುಡ್ಡದೊಳಗೆ ಅಡ್ಡಕ್ಕೆ ಕೊರೆಯುವಂಥದ್ದು. ಇದು ಎತ್ತ ಹೋಗ್ತದೆ ಅಂತ ಕೇಳಿದರೆ, "ಅದೆಲ್ಲ ಅಜ್ಜನ ಕಾಲದ್ದು" ಅಂತೆ. ಅಜ್ಜನ ಕಾಲದ್ದಾದರೆ ನೆಲದಡಿಯಲ್ಲಿ ಇಲ್ಲ ಅಂತಲಾ?

ಹೋಗಲಿ, ಅವರದ್ದೂ ತಪ್ಪಿಲ್ಲ. ಮಾರುವವರು ಬಣ್ಣ ಬಳಿಯದೆ ಇರ್ತಾರಾ? ಇಲ್ಲಿ ಕೇರಳದಲ್ಲಿ ಮುದ್ರಾಂಕಕ್ಕೆ ನೂರಕ್ಕೆ 8, ನೋಂದಣಿಗೆ 2 ಅಂತ ಪೈಸೆ ಪೈಸೆ ಲೆಕ್ಕ ಹಾಕಿದವನಿಗೆ ಒಬ್ಬ ಮೇಸ್ತ್ರಿಗೆ ಒಂದು ದಿನದ ಸಂಬಳ ಕೊಟ್ಟು ಕರ್ಕೊಂಡು ಹೋಗುವ ಬುದ್ಧಿ ಬರಲಿಲ್ಲ. ಅನುಭವಿಸಬೇಕಾದ್ದೇ. ಬಾವಿ ನೀರು ಮಾತ್ರ ಸಕ್ಕರೆಯ ಹಾಗಿದೆ, ಅದಕ್ಕೇ ಮರುಳಾದದ್ದು.

ಅಲ್ಲ, ತಪ್ಪಿಲ್ಲ ಅಂತ ಹೇಗೆ ಹೇಳುವುದು? ಕ್ಯಾಲೆಂಡರ್ ತಾನಾಗಿ ನಡ್ಕೊಂಡು ಹೋಗಿ ಬಿರುಕಿನ ಮೇಲೆ ನೇತುಬಿತ್ತಾ?

ಕರಾರುಪತ್ರ ಮಲೆಯಾಳದಲ್ಲಿದೆ. ನನಗೆ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರುವುದಿಲ್ಲ. ಬ್ರೋಕರ್ ಓದಿ ಹೇಳಿದ, ನಾನು ಸಹಿ ಹಾಕಿದೆ. ಹಿಂದೆ ಸರಿದರೆ ಅಡ್ವಾನ್ಸ್ ಹೋಯ್ತು ಅಂತ ಅದರಲ್ಲಿ ಇದೆಯಂತೆ. ಗೋಡೆ ನೀರು ಕುಡಿದರೆ ಎಂತ ಅಂತ ಇದೆಯಾ? ಗೊತ್ತಿದ್ದವರು ಯಾರಾದರೂ ಹೇಳಿ. ಹೀಗೆ ಕೊಟ್ಟ ಅಡ್ವಾನ್ಸ್ ವಾಪಸ್ ಸಿಕ್ಕಿದವರು ಒಬ್ಬರಾದರೂ ಇದ್ದೀರಾ?

ಈಗಷ್ಟೇ ಬ್ರೋಕರನ ವಾಟ್ಸಾಪ್ ಬಂತು. ದಾರಂದ ಮೊದಲಿನ ಹಾಗೆ ಹಲಸಿನದ್ದೇ ಆಗಬೇಕಂತೆ, 6,500 ರೂಪಾಯಿ. ಹಲಸು! ಆ ತೂತಿನೊಳಗೆ ನನ್ನ ಬೆರಳಿಗೆ ಸಿಕ್ಕಿದ್ದು ಬರೀ ಮಣ್ಣು.