ನೇತ್ರಂ ನೇತ್ರೇ ನೇತ್ರಾಣಿ

ಹೈಸ್ಕೂಲಿನಲ್ಲಿ ಸಂಸ್ಕೃತ ತೆಗೆದುಕೊಂಡವರಿಗೆ ‘ವನಂ ವನೇ ವನಾನಿ’ ಎಂದು ಬೆಂಚು ಕುಟ್ಟುತ್ತ ರಾಗವಾಗಿ ಹೇಳಿದ್ದು ನೆನಪಿರುತ್ತದೆ. ಅದೇ ಧಾಟಿಯಲ್ಲಿ ನೇತ್ರಂ ಎಂದರೆ ಒಂದು ಕಣ್ಣು, ನೇತ್ರೇ ಎಂದರೆ ಎರಡು, ನೇತ್ರಾಣಿ ಎಂದರೆ ಹಲವು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ ಕಡಲಿನಲ್ಲಿರುವ ದ್ವೀಪದ ಹೆಸರೂ ನೇತ್ರಾಣಿಯೇ. ಆ ಹೆಸರು ಹೇಗೆ ಬಂತು ಎಂಬುದು ಪಂಡಿತರಿಗೆ ಬಿಟ್ಟದ್ದು. ನಾನಂತೂ ಅಲ್ಲಿಗೆ ಬಿಳಿ ಕಣ್ಣುಗಳೊಂದಿಗೆ ಹೋಗಿ ಕೆಂಪು ಕಣ್ಣುಗಳೊಂದಿಗೆ ಬಂದೆ.

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ನನಗೆ ಫ್ರೀಡೈವಿಂಗ್ ಹುಚ್ಚು ಹಿಡಿಯಿತು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇಳಿದರೆ ಸ್ಕೂಬಾ. ಏನೂ ಇಲ್ಲದೆ ಒಂದೇ ಉಸಿರಿನಲ್ಲಿ ಇಳಿದು ಮೇಲೆ ಬಂದರೆ ಫ್ರೀಡೈವಿಂಗ್. “ಹಾಗಾದರೆ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲವೇನೋ?” ಎಂದು ಅಮ್ಮ ಆಸೆಯಿಂದ ಕೇಳಿದ್ದಳು. ಈಜುಕೊಳದಲ್ಲಿ ಎರಡು ತಿಂಗಳು ಕಲಿತು, ಅಂಡಮಾನ್ ಪ್ರವಾಸದಲ್ಲಿ ಕೊಂಡಿದ್ದ, ಕಣ್ಣು ಮೂಗು ಎರಡನ್ನೂ ಮುಚ್ಚುವ ಹಳೆಯ ಡೈವಿಂಗ್ ಮಾಸ್ಕನ್ನು ಚೀಲಕ್ಕೆ ಹಾಕಿಕೊಂಡು ನೇತ್ರಾಣಿಗೆ ಹೊರಟೆ. ಮಾಸ್ಕಿನ ಗಾತ್ರ ಹಳೆಯ ಕಾಲದ ಟಿ.ವಿ. ಪೆಟ್ಟಿಗೆಯ ಹತ್ತಿರದ ಸಂಬಂಧಿಕನದು.

ಹಗ್ಗ ಹಿಡಿದು ಏಳು ಮೀಟರ್ ಇಳಿದೆ. ಮೂಗು ಹಿಡಿದು ಕಿವಿಯ ಒತ್ತಡ ಸರಿಮಾಡಿಕೊಳ್ಳುವುದು ನೆನಪಿತ್ತು. ಮಾಸ್ಕಿನೊಳಕ್ಕೂ ಮೂಗಿನಿಂದ ಒಂದಿಷ್ಟು ಗಾಳಿ ಊದಬೇಕು ಎಂಬುದು ಮಾತ್ರ ಮರೆತೇ ಹೋಗಿತ್ತು. ಚಿಕ್ಕಂದಿನಲ್ಲಿ ಸ್ಟೀಲ್ ಲೋಟವನ್ನು ಬಾಯಿಗೆ ಕವುಚಿಕೊಂಡು ಗಾಳಿ ಎಳೆದು ಅಂಟಿಸಿಕೊಳ್ಳುವ ಆಟ ಆಡಿದ್ದೀರಲ್ಲ, ಆಮೇಲೆ ಗಲ್ಲದ ಸುತ್ತ ಕೆಂಪು ಬಳೆ ಮೂಡುತ್ತಿತ್ತಲ್ಲ? ಅದೇ ಆಟವನ್ನು ಅರಬ್ಬೀ ಸಮುದ್ರ ನನ್ನ ಇಡೀ ಮುಖದೊಂದಿಗೆ ಆಡಿತು. ನೋವೇನೂ ಇರಲಿಲ್ಲ. ದೋಣಿ ಹತ್ತಿದಾಗ ಎದುರು ಕುಳಿತಿದ್ದ ಮಗು ನನ್ನನ್ನು ನೋಡಿ ಅಳತೊಡಗಿದಾಗಲೇ ಏನೋ ಆಗಿದೆ ಎಂದು ತಿಳಿದದ್ದು.

ಕಣ್ಣಿನ ಡಾಕ್ಟರು ಸಣ್ಣ ರಕ್ತನಾಳಗಳು ಒಡೆದಿವೆ, ಎರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ ಎಂದರು. ಅಮ್ಮ ಹರಳೆಣ್ಣೆ ಹಿಡಿದು ನಿಂತಳು. ಕಚೇರಿಯಲ್ಲಿ ಎಲ್ಲರೂ ‘ಮದ್ರಾಸ್ ಐ’ ಎಂದು ತೀರ್ಮಾನಿಸಿ, ನಾನು ಬಾಯಿ ಬಿಡುವ ಮೊದಲೇ ಮೂರು ದಿನ ರಜೆ ಕೊಟ್ಟು ಕಳಿಸಿದರು. ಹದಿನೆಂಟು ವರ್ಷದ ಸೇವೆಯಲ್ಲಿ ಕೇಳದೆ ಸಿಕ್ಕ ರಜೆ ಅದೊಂದೇ.

ಆ ರಜೆಯಲ್ಲಿ ಹೆಂಡತಿಗೆ ನೇತ್ರಾಣಿಯ ಮೀನುಗಳ ವರ್ಣನೆ ಮಾಡುತ್ತ, ಪಾಂಡಿತ್ಯ ತೋರಿಸುವ ಚಪಲಕ್ಕೆ, ಮಾಸ್ಕಿನ ಗಾಜಿನ ಮೂಲಕ ನೋಡಿದರೆ ನೀರಿನಡಿಯ ವಸ್ತುಗಳು ಮೂರರಲ್ಲೊಂದು ಪಾಲು ಹಿಗ್ಗಿ ಕಾಣುತ್ತವೆ ಎಂದೂ ಹೇಳಿಬಿಟ್ಟೆ. ಹುರುಳಿಕಾಯಿ ಸೋಸುತ್ತಿದ್ದ ಅವಳು “ಹೌದೇ?” ಎಂದಳು, ಅಷ್ಟೆ.

“ಮಾಸ್ಕಿನದೇನೂ ತಪ್ಪಿಲ್ಲ ಸರ್, ನೀವು ಮೂಗಿನಿಂದ ಊದಲಿಲ್ಲ,” ಎಂದು ತರಬೇತುದಾರ ಹುಡುಗ ಆವತ್ತೇ ಹೇಳಿದ್ದ. ಆದರೆ ಕುಣಿಯಲಾರದವಳು ನೆಲ ಡೊಂಕು ಎಂದ ನಾಡು ನಮ್ಮದು. ನಾನು ಮಾಸ್ಕನ್ನೇ ಹಿಡಿದುಕೊಂಡೆ. ನನ್ನ ಕಡೆಗೂ ಸ್ವಲ್ಪ ವಿಜ್ಞಾನವಿತ್ತು. ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗಿ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಮಾಸ್ಕಿನಲ್ಲಿ ಒಂದು ಕಾಫಿ ಲೋಟದಷ್ಟು ಗಾಳಿ ಇದ್ದರೆ, ಅದನ್ನು ಮತ್ತೆ ತುಂಬಲು ದಡದಿಂದ ತಂದ ಉಸಿರಿನಲ್ಲಿ ಇನ್ನೊಂದು ಲೋಟ ಸುರಿಯಬೇಕು. ಇಪ್ಪತ್ತು ಮೀಟರಿಗೆ ಎರಡು ಲೋಟ. ಸಿಲಿಂಡರ್ ಇರುವವನಿಗೆ ಇದು ಲೆಕ್ಕಕ್ಕೇ ಇಲ್ಲ. ಒಂದೇ ಉಸಿರಿನವನದು ತಿಂಗಳ ಕೊನೆಯ ಸಂಸಾರ. ಅದರಲ್ಲೇ ಕಿವಿಗೂ ಕೊಡಬೇಕು, ಮಾಸ್ಕಿಗೂ ಕೊಡಬೇಕು. ಹಾಗಾಗಿ ಗಾಜು ಕಣ್ಣಿಗೆ ಆದಷ್ಟು ಹತ್ತಿರವಿರುವ, ಒಳಗೆ ಗಾಳಿ ಕಡಿಮೆ ಹಿಡಿಯುವ ಮಾಸ್ಕ್ ಬೇಕು.

ನನ್ನದು ಎಷ್ಟು ಹಿಡಿಯುತ್ತದೆ ನೋಡೋಣವೆಂದು ಅಡುಗೆಮನೆಗೆ ಹೋದೆ. ಮಾಸ್ಕನ್ನು ಬಟ್ಟಲಿನಂತೆ ಅಂಗಾತ ಹಿಡಿದು, ಅಂಚಿನವರೆಗೆ ನೀರು ತುಂಬಿ, ಅದರೊಳಕ್ಕೆ ಮುಖ ಇಳಿಸಬೇಕು. ಮುಖದ ಪಾಲಿನ ನೀರು ಹೊರಕ್ಕೆ ಚೆಲ್ಲುತ್ತದೆ, ಉಳಿದದ್ದೇ ಗಾಳಿಯ ಜಾಗ. ಉಳಿದದ್ದನ್ನು ಕೆಮ್ಮಿನ ಔಷಧಿಯ ಹತ್ತು ಮಿಲಿಲೀಟರಿನ ಮುಚ್ಚಳದಿಂದ ಅಳೆದೆ. ಹತ್ತೊಂಬತ್ತು ಮುಚ್ಚಳ! ಖಾತ್ರಿಗೆಂದು ಇನ್ನೊಮ್ಮೆ ಮುಖ ಇಳಿಸಿದಾಗ ನೀರು ಮೂಗಿಗೆ ನುಗ್ಗಿ, ಕೆಮ್ಮುತ್ತ ತಲೆ ಎತ್ತಿದರೆ ಬಾಗಿಲಲ್ಲಿ ಹೆಂಡತಿ.

“ರೀ, ಸಿಂಕಿನಲ್ಲಿ ಏನು ಮಾಡುತ್ತಿದ್ದೀರಿ?”

“ಮುಖ ಅಳೆಯುತ್ತಿದ್ದೇನೆ.”

ಅವಳು ಔಷಧಿಯ ಬಾಟಲಿಯನ್ನು ಎತ್ತಿ ಎಷ್ಟು ಖಾಲಿಯಾಗಿದೆ ಎಂದು ನೋಡಿದಳು.

ಮೊಬೈಲಿನಲ್ಲಿ ತರಿಸಿದ ಹೊಸ ಮಾಸ್ಕ್ ಎಂಟೂವರೆ ಮುಚ್ಚಳದ್ದು. ನನ್ನ ಆನಂದ ಒಂದು ಸಂಜೆ ಬಾಳಿತು. ಹೊಸ ಮಾಸ್ಕಿನ ಒಳಗಾಜಿನಲ್ಲಿ ಕಾರ್ಖಾನೆಯಿಂದಲೇ ಜಿಡ್ಡಿನ ಪದರ ಇರುತ್ತದೆ, ಟೂತ್‌ಪೇಸ್ಟ್ ಹಚ್ಚಿ ಉಜ್ಜದಿದ್ದರೆ ಮಂಜು ಕಟ್ಟುತ್ತದೆ ಎಂದು ಕೇಳಿದ್ದೆ. ಉಜ್ಜಿದೆ. ಅಮ್ಮ ಹಿತ್ತಾಳೆಯ ದೀಪ ಬೆಳಗುವ ಶ್ರದ್ಧೆಯಿಂದಲೇ ಉಜ್ಜಿದೆ. ಉಪದೇಶ ಗಾಜಿಗೆ ಸಂಬಂಧಿಸಿದ್ದು, ನನ್ನದು ಪ್ಲಾಸ್ಟಿಕ್ ಲೆನ್ಸ್ ಎಂಬುದು ತೊಳೆದು ನೋಡಿದಾಗ ಗೊತ್ತಾಯಿತು. ಅದನ್ನು ಹಾಕಿಕೊಂಡರೆ ಬೆಂಗಳೂರಿನ ಮಟಮಟ ಮಧ್ಯಾಹ್ನವೂ ಮಡಿಕೇರಿಯ ಡಿಸೆಂಬರ್ ಮುಂಜಾವಿನಂತೆ ಕಾಣುತ್ತಿತ್ತು. ಅಂಡಮಾನ್ ಸಮುದ್ರದ ಮೋಕೆನ್ ಜನರ ಮಕ್ಕಳು ಮಾಸ್ಕೇ ಇಲ್ಲದೆ ಕಣ್ಣಿನ ಪಾಪೆ ಕಿರಿದುಮಾಡಿಕೊಂಡು, ನೀರಿನಡಿ ಯುರೋಪಿನ ಮಕ್ಕಳಿಗಿಂತ ಎರಡು ಪಟ್ಟು ಸ್ಪಷ್ಟವಾಗಿ ನೋಡುತ್ತಾರೆಂದು ಸ್ವೀಡನ್ನಿನ ಸಂಶೋಧಕರು 2003ರಲ್ಲಿ ತೋರಿಸಿದ್ದಾರೆ. ನನ್ನ ಕಣ್ಣಿಗೆ ಮೈನಸ್ ಎರಡೂವರೆ. ದಡದ ಮೇಲಿನ ಬಸ್ಸಿನ ಬೋರ್ಡೇ ಕಾಣುವುದಿಲ್ಲ.

ಈ ಸಲ ಅಂಗಡಿಗೇ ಹೋದೆ. ಅಸಲಿ ಗಾಜು, ಎರಡು ಕಣ್ಣಿಗೆ ಎರಡು ಕಿಟಕಿ, ನನ್ನ ನಂಬರಿನ ಲೆನ್ಸ್ ಕೂರಿಸಬಹುದಾದದ್ದು. ಅಂಗಡಿಯಾತ ಪರೀಕ್ಷೆಯ ಕ್ರಮ ಹೇಳಿಕೊಟ್ಟ: ಪಟ್ಟಿ ಹಾಕಿಕೊಳ್ಳಬಾರದು, ಸುಮ್ಮನೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದು ಕೈ ಬಿಡಬೇಕು. ಅಂಟಿಕೊಂಡು ನಿಂತರೆ ಅದು ನಿಮ್ಮ ಮಾಸ್ಕ್. ಒಂದು, ಎರಡು, ಐದು ಮಾಸ್ಕ್ ಆದವು. ಎಳೆದೆ, ಬಿಟ್ಟೆ, ಬಿತ್ತು. ಪಟ್ಟಿ ಬಿಗಿದರೆ ಆಗದೇ ಎಂದು ಕೇಳಿದೆ. ಬಿಗಿದಷ್ಟೂ ಸಿಲಿಕೋನಿನ ಅಂಚು ಮಡಿಚಿಕೊಂಡು ಇನ್ನಷ್ಟು ಸೋರುತ್ತದೆ ಎಂದ. ಆರನೆಯದು ಬಿದ್ದಾಗ ಆತ ನನ್ನ ಮೂಗಿನ ಕೆಳಗೆ ಕಣ್ಣು ನೆಟ್ಟು, ಸಂಕೋಚದಿಂದ, “ಸರ್, ತಪ್ಪು ತಿಳಿಯಬೇಡಿ…” ಎಂದ.

ಮೀಸೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತೇವೆ. ಇಲ್ಲಿ ಮೀಸೆಯೇ ಜಟ್ಟಿಯನ್ನು ಬೀಳಿಸುತ್ತಿತ್ತು. ಒಂದೊಂದು ಕೂದಲ ಸಂದಿಯೂ ಸಮುದ್ರಕ್ಕೆ ಹೆಬ್ಬಾಗಿಲು. ಮನೆಯಲ್ಲಿ ವಿಷಯ ತೆಗೆದೆನೋ ಇಲ್ಲವೋ, ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

“ಅಪ್ಪ ಗುಂಡುಕಲ್ಲಿನ ಹಾಗೆ ಕೂತಿರುವಾಗ ಮೀಸೆಗೆ ಕೈ ಹಾಕುತ್ತೀಯೇನೋ?”

ಪತ್ರಿಕೆಯ ಹಿಂದಿನಿಂದ ಅಪ್ಪ, “ತೆಗೆಸಲಿ ಬಿಡೇ, ನನಗೇನೂ ಆಗುವುದಿಲ್ಲ,” ಎಂದರು. ಪುಟ ತಿರುವಿ, “ಆದರೂ ಮಂಗಳವಾರ ಬೇಡ,” ಎಂದರು.

ಕೊನೆಗೆ ರಾಜಿಯಾಯಿತು. ಸಲೂನಿನವನು ಮೂಗಿನ ಬುಡದಲ್ಲಿ ಅರ್ಧ ಬೆರಳಗಲದ ಪಟ್ಟಿಯನ್ನಷ್ಟೇ ಬೋಳಿಸಿದ. ಮೀಸೆ ಉಳಿಯಿತು; ಕಪ್ಪು ಬಿಳುಪು ಚಿತ್ರಗಳ ಖಳನಾಯಕನಂತೆ ತುಟಿಗೆ ಒರಗಿಕೊಂಡು ಉಳಿಯಿತು. ಮಗಳು ಎರಡು ದಿನ ಶಾಲೆಯ ಗೇಟಿನಿಂದ ದೂರವೇ ಇಳಿಸು ಎಂದಳು. ಅಂಗಡಿಯಲ್ಲಿ ಮೊದಲನೆಯ ಮಾಸ್ಕೇ ಮುಖಕ್ಕೆ ಕಚ್ಚಿ ಹಿಡಿಯಿತು, ಬಿಡಿಸಲು ಎರಡು ಕೈ ಬೇಕಾದವು.

ಮಳೆಗಾಲ ಕಳೆದ ಮೇಲೆ ಮತ್ತೆ ನೇತ್ರಾಣಿ. ಮಾಸ್ಕಿನೊಳಗೆ ಉಗುಳಿ, ಉಜ್ಜಿ, ತೊಳೆದು (ಮಂಜಿಗೆ ಇದಕ್ಕಿಂತ ಅಗ್ಗದ ಮದ್ದಿಲ್ಲ), ಹಗ್ಗ ಹಿಡಿದು ಇಳಿದೆ. ಪಕ್ಕದಲ್ಲೇ ತರಬೇತುದಾರ ಹುಡುಗ ತನ್ನ ಮೂಗು ತೋರಿಸುತ್ತ ನೆನಪಿಸುತ್ತಿದ್ದ. ಊದಿದೆ. ಮುಖ ಮುಖದ ಜಾಗದಲ್ಲೇ ಇತ್ತು. ಆಗ ಬಂಡೆಯ ಹಿಂದಿನಿಂದ ಒಂದು ಕಡಲಾಮೆ, ಪಿಂಚಣಿ ತೆಗೆದುಕೊಂಡು ಮನೆಗೆ ಮರಳುವ ಹಿರಿಯರ ಹಾಗೆ, ಯಾರನ್ನೂ ಲೆಕ್ಕಿಸದೆ ಹಾದುಹೋಯಿತು.

ರಾತ್ರಿ ಮನೆಗೆ ಫೋನ್ ಮಾಡಿದೆ. “ನಮ್ಮ ಊಟದ ಮೇಜಿನಷ್ಟಿತ್ತು ಕಣೇ!”

“ಕಾಲು ಭಾಗ ಕಳೆದರೆ ಟೀಪಾಯಿ,” ಎಂದಳು ಹೆಂಡತಿ. “ಎಷ್ಟು ಆಳ ಇಳಿದಿರಿ?”

“ಹನ್ನೆರಡು ಮೀಟರ್.”

“ಒಂಬತ್ತು,” ಎಂದಳು.

ಹಗ್ಗದ ಮೇಲಿನ ಗುರುತೂ ಒಂಬತ್ತೇ ಇತ್ತು.