ಅಮ್ಮತ್ತಿಯ ಒತ್ತುಗಳು

ಕೊಡಗಿನ ಅಮ್ಮತ್ತಿ ನಮ್ಮೂರು. ಅಲ್ಲಿ ನಮ್ಮ ಕಾಫಿ ಕಣದ ಶೆಡ್ಡಿನಲ್ಲಿ ಹಳೆಯ ತಗಡೊಂದಿದೆ. ಇಂಗ್ಲಿಷ್ ಅಕ್ಷರಗಳ ಆಕಾರಕ್ಕೆ ಅದನ್ನು ಕೊರೆದಿದ್ದಾರೆ. ಗೋಣಿಚೀಲದ ಮೇಲಿಟ್ಟು ಕಪ್ಪು ಪೇಂಟಿನ ಬ್ರಷ್ ತಟ್ಟಿದರೆ ಸಾಕು, ಚೀಲಕ್ಕೆ ಹೆಸರು ಬಂತು. ಎತ್ತರದ ಅಕ್ಷರಗಳು. ಅಗಲ ಕಮ್ಮಿ, ಗೆರೆ ಮಾತ್ರ ದಪ್ಪ. ಗೋಣಿಕೊಪ್ಪಲು ಸಂತೆಯ ದಿನ ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರ ಹಾಗೆ.

ಈ ಬಗೆಯ ಅಕ್ಷರಕ್ಕೆ ಈಗ ಭಾರೀ ಬೇಡಿಕೆ. ಹುಟ್ಟಿದ್ದು ಮಾತ್ರ ಬಡತನದಲ್ಲಿ, ಅಂದರೆ ಜಾಗದ ಬಡತನದಲ್ಲಿ. 19ನೇ ಶತಮಾನದ ಪೋಸ್ಟರ್ ಕಾಗದ ಸಣ್ಣದು, ಹೇಳುವ ಮಾತು ದೊಡ್ಡದು. ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ 1827ರಲ್ಲಿ ಮರದ ಅಚ್ಚನ್ನು ಯಂತ್ರದಿಂದ ಕೊರೆಯಲು ಶುರು ಮಾಡಿದ ಮೇಲೆ ದೊಡ್ಡ ದೊಡ್ಡ ಅಕ್ಷರವೂ ಅಗ್ಗವಾಯಿತು. ಮೀಮ್‌ಗಳಲ್ಲಿ ನಾವು ದಿನಾ ನೋಡುವ ಇಂಪ್ಯಾಕ್ಟ್ ಫಾಂಟ್ 1965ರದ್ದು. ಜೆಫ್ರಿ ಲೀ ಅದನ್ನು ಮಾಡಿದ್ದು ಸೀಸದ ಅಚ್ಚುಮೊಳೆಗೆ, ಮೊಬೈಲಿಗಲ್ಲ.

ಬೆಂಗಳೂರಿನಲ್ಲಿರುವ ಅಕ್ಕನ ಮಗಳು ಫೋನ್ ಮಾಡಿದಳು. "ಮಾವ, ನಿಮ್ಮ ಕಾಫಿಪುಡಿಗೆ ಲೇಬಲ್ ಮಾಡ್ತೀನಿ. ಇಂಡಸ್ಟ್ರಿಯಲ್ ಲುಕ್ ಇರ್ಲಿ."

"ಕನ್ನಡದಲ್ಲೂ ಹಾಕು ಮಗಾ," ಅಂದೆ.

ತೊಂದರೆ ಬಂದದ್ದೇ ಅಲ್ಲಿ. ಇಂಗ್ಲಿಷಿನ ದೊಡ್ಡಕ್ಷರಗಳನ್ನು ಎರಡು ಗೆರೆಗಳ ನಡುವೆ ಇಟ್ಟಿಗೆಯಂತೆ ಜೋಡಿಸಬಹುದು. ನಮ್ಮದು ಹಾಗಲ್ಲ. ತಲೆಯ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕಾಲ ಕೆಳಗೆ ಒತ್ತು. ಹಿಂಡಿದರೆ ಒಳಗಿನ ಗಾಳಿ ಹೋಗಿ ಕಪ್ಪು ಮುದ್ದೆ. ತಗಡಿನಲ್ಲಿ ಕೊರೆಯುವುದಂತೂ ಇನ್ನೂ ಕಷ್ಟ. ಠ ಕೊರೆದು ನೋಡಿ, ನಡುವಿನ ತುಂಡು ಕಳಚಿ ಬೀಳುತ್ತದೆ. ಹಿಡಿದಿಡಲು ಸಣ್ಣ ಸೇತುವೆ ಬಿಡಬೇಕು.

ಆಮೇಲೆ ನನಗೊಂದು ಚಟ ಹತ್ತಿತು, ಸುಮ್ನೆ ಊರಿನ ಬೋರ್ಡುಗಳನ್ನು ನೋಡುವುದು. ಮಡಿಕೇರಿ, ಭಾಗಮಂಡಲ, ಕುಶಾಲನಗರ ಅದೃಷ್ಟವಂತ ಊರುಗಳು. ಒತ್ತೇ ಇಲ್ಲ, ಎಷ್ಟು ಹಿಂಡಿದರೂ ನಿಲ್ಲುತ್ತವೆ. ನಾಪೋಕ್ಲು, ಪೊನ್ನಂಪೇಟೆಗೆ ಒಂದೊಂದು ಒತ್ತು. ನಮ್ಮ ಅಮ್ಮತ್ತಿಗೆ ಮೂರಕ್ಷರದಲ್ಲಿ ಎರಡು! ಹಾಗಂತ ದಾರಿಯೇ ಇಲ್ಲ ಅಂತಲ್ಲ. ಫಾಂಟ್ ತಯಾರಿಸುವ ಏಕ್ ಟೈಪ್‌ನವರ ಅನೇಕ್ ಕನ್ನಡ ಫಾಂಟನ್ನು ತೆಳ್ಳಗೂ ಮಾಡಬಹುದು, ಅಗಲಕ್ಕೂ ಎಳೆಯಬಹುದು. ಅಕ್ಕನ ಮಗಳು ಅದನ್ನೇ ಆರಿಸಿದಳು. ಫೋನಿನಲ್ಲಿ ನೋಡಿದೆ, ಚೆನ್ನಾಗಿಯೇ ಇತ್ತು.

ಪ್ರೆಸ್ಸಿನಿಂದ 200 ಲೇಬಲ್ ಬಂತು. ಯಾರೋ ಪುಣ್ಯಾತ್ಮರು ಸಾಲಿನ ಕೆಳಗಿನ ಜಾಗ ಜಾಸ್ತಿಯಾಯಿತೆಂದು ಕತ್ತರಿಸಿದ್ದರು. ದಪ್ಪಗೆ, ಗಂಭೀರವಾಗಿ, ಕಾರ್ಖಾನೆಯ ಗತ್ತಿನಲ್ಲಿ ಬರೆದಿತ್ತು: ಅಮತಿ ಕಾಫಿ.

ಅಮ್ಮ ಕನ್ನಡಕ ಹಾಕಿಕೊಂಡು ಓದಿದರು. "ಯಾರೋ ಇವಳು, ಅಮತಿ?"

ಹೊರಗೆ ಮಳೆ. ಕಪ್ಪು ಸ್ಕೆಚ್ ಪೆನ್ನು ಹಿಡಿದು ಒಂದೊಂದಕ್ಕೂ ಎರಡು ಒತ್ತು ಸೇರಿಸುತ್ತಾ ಕೂತೆ. ಎಂಬತ್ತನೆಯದಕ್ಕೆ ಬರುವಷ್ಟರಲ್ಲಿ ನನ್ನ ತ ಒತ್ತಿಗೂ ಒಂದು ಸ್ಟೈಲ್ ಬಂದಿತ್ತು.